ಇಂಜಿನ್ ತಣ್ಣಗಾಗುವ ತನಕ

ನಾನು ಸುಳ್ಳು ಹೇಳುವವನು. ವಾಡಿಯಿಂದ ಶಹಾಬಾದಿನ ತನಕ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಒಂದು ಲಾರಿಯ ಇಂಜಿನ್ ಪಕ್ಕ ಕೋಳಿ ಮೊಟ್ಟೆಯಿಟ್ಟು, ಲಾರಿ ಸೊಲ್ಲಾಪುರ ಮುಟ್ಟುವುದರೊಳಗೆ ಮರಿಯಾಗಿ, ಪುಣೆಯಲ್ಲಿ ಆ ಮರಿಗಳೇ ಹುಂಜವಾಗಿ ಕೂಗಿ ಡ್ರೈವರನನ್ನು ಎಬ್ಬಿಸಿದವು ಎಂದು ಹೇಳಿದವನು ನಾನೇ. ಆ ಲಾರಿ ತೋರಿಸು ಅಂದರು. ಗುಜರಿಗೆ ಹೋಯಿತು ಅಂದೆ. ಹುಂಜ ತೋರಿಸು ಅಂದರು. ತಿಂದವರ ಹೆಸರು ಹೇಳಿದೆ.

ನಗುತ್ತಾರೆ. ನಗಲಿ. ಆದರೆ ಒಂದು ಮಾತು ಅವರಿಗೆ ಗೊತ್ತಿಲ್ಲ. ನನಗೆ ಸುಳ್ಳು ಬರುವುದು ಹೆದರಿಕೆಯಾದಾಗ. ಬೇರೆಯವರಿಗೆ ಬೆವರು ಬರುತ್ತದೆ. ನನಗೆ ಸುಳ್ಳು ಬರುತ್ತದೆ. ಹೆದರಿಕೆ ಹೆಚ್ಚಾದಷ್ಟೂ ಸುಳ್ಳು ಉದ್ದವಾಗುತ್ತದೆ. ನಾನು ದೊಡ್ಡ ಸುಳ್ಳುಗಾರ ಅಂತ ಹೆಸರಾಗಿದೆ. ಎಷ್ಟು ಹೆದರಿ ಬದುಕಿದ್ದೇನೆ ಎಂದು ನೀವೇ ಲೆಕ್ಕ ಹಾಕಿಕೊಳ್ಳಿ.

ನನ್ನ ಹೆಸರು ದಶರಥ. ವಾಡಿಯಿಂದ ಶಹಾಬಾದಿಗೆ ಹೋಗುವ ದಾರಿಯಲ್ಲಿ ಮಜೀದಸಾಬರ ಗ್ಯಾರೇಜಿದೆ. ನಾಲ್ಕು ಕಂಬ, ಮೇಲೆ ತಗಡು, ಮುಂದೆ ಒಂದು ಬೇವಿನ ಮರ. ಅಲ್ಲಿ ನಾನು ಇಂಜಿನ್ ತೊಳೆಯುತ್ತೇನೆ.

ಈ ಕಡೆಯ ಗಾಡಿಗಳ ಇಂಜಿನ್ ನೀವು ನೋಡಿಲ್ಲ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗಳ ನಡುವೆ ಓಡುವ ಗಾಡಿಗಳು. ಇಂಜಿನ್ ಮೇಲೆ ಎಣ್ಣೆ ಸೋರುತ್ತದೆ. ಎಣ್ಣೆಯ ಮೇಲೆ ಕಲ್ಲಿನ ದೂಳು ಕೂರುತ್ತದೆ. ಅದರ ಮೇಲೆ ಮತ್ತೆ ಎಣ್ಣೆ. ಮತ್ತೆ ದೂಳು. ಹೀಗೇ ಬಿಟ್ಟರೆ ಅಲ್ಲೇ ಫರಸಿ ಬೆಳೆಯುತ್ತದೆ. ಒಂದು ಲಾರಿಯ ಇಂಜಿನ್ನಿನಿಂದ ಕೆತ್ತಿ ತೆಗೆದ ಕಲ್ಲನ್ನು ನಮ್ಮ ಮನೆ ಬಾಗಿಲಿಗೆ ಹಾಕಿಕೊಂಡಿದ್ದೇನೆ. ಇದು ಸುಳ್ಳು. ನಮ್ಮ ಮನೆಗೆ ಬಾಗಿಲಿಲ್ಲ.

ಬಗ್ಗಿ ಬಾನೆಟ್ಟಿನ ಕೆಳಗೆ ತಲೆ ಹಾಕಿದರೆ ಹೊತ್ತು ಹೋಗುತ್ತದೆ. ನಡು ಹಿಡಿದುಕೊಳ್ಳುತ್ತದೆ. ಕಪ್ಪು ಜಿಡ್ಡು ಉಗುರಿನೊಳಗೆ ಹೋಗಿ ಅಲ್ಲೇ ಮನೆ ಮಾಡುತ್ತದೆ. ನಾನು ತಿನ್ನುವ ರೊಟ್ಟಿಗೆ ಚಿಮಣಿ ಎಣ್ಣೆಯ, ಅಂದರೆ ಸೀಮೆ ಎಣ್ಣೆಯ, ವಾಸನೆ. ನನ್ನ ಬೆವರಿಗೂ ಅದೇ ವಾಸನೆ. ಸೊಳ್ಳೆ ನನ್ನನ್ನು ಕಚ್ಚುವುದಿಲ್ಲ. ಇದು ಖರೆ.

ತೊಳೆಯುವುದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಗ್ಯಾರೇಜಿಗೆ ಬರುವ ನಾಯಿಗೂ ಗೊತ್ತು. ಇಂಜಿನ್ ತಣ್ಣಗಾಗಿರಬೇಕು. ಅಂಗೈ ಇಟ್ಟರೆ ಇಟ್ಟಲ್ಲೇ ಇರುವಷ್ಟು ತಣ್ಣಗೆ. ಚಾವಿ ಬಂದ್ ಇರಬೇಕು. ಬ್ಯಾಟರಿಯ ತಂತಿ ಬಿಚ್ಚಿರಬೇಕು. ನೀರು ಹೋಗಬಾರದ ಜಾಗಕ್ಕೆ ಬಟ್ಟೆ ಸುತ್ತಬೇಕು. ಆಮೇಲೆ ಚಿಮಣಿ ಎಣ್ಣೆ ಹಚ್ಚಿ, ಬ್ರಶ್ಶಿನಿಂದ ತಿಕ್ಕಿ, ತಗಡಿನ ಚೂರಿನಿಂದ ಕೆರೆದು ತೆಗೆಯಬೇಕು. ಒರೆಸಿ ಗಾಳಿಗೆ ಬಿಡಬೇಕು. ಪೆಟ್ರೋಲ್ ಹತ್ತಿರ ತರಬಾರದು. ಇಷ್ಟೇ. ಇದು ಮಜೀದಸಾಬರಿಗೆ ಗೊತ್ತು. ಡ್ರೈವರುಗಳಿಗೆ ಗೊತ್ತು. ಗಾಡಿಯ ಧಣಿಗಳಿಗೂ ಗೊತ್ತು. ಗೊತ್ತಿರುವುದಕ್ಕೇ ಅವರು ತಾವು ತೊಳೆಯುವುದಿಲ್ಲ.

ಇನ್ನೊಂದು ಮಾತು. ಬಾನೆಟ್ಟಿನ ಕೆಳಗಿನದನ್ನೆಲ್ಲ ನಾನು ಮುಟ್ಟಬಹುದು. ಕಾರಿನ ಒಳಗಿನದನ್ನು ಮುಟ್ಟುವಂತಿಲ್ಲ. ನಾನು ಕೇರಿಯವನು. ಬಾನೆಟ್ ತೆಗೆಯುವ ಹಿಡಿಕೆ ಒಳಗಿರುತ್ತದೆ. ಚಾವಿಯೂ ಒಳಗೇ. ಅದಕ್ಕೆ ಡ್ರೈವರ್ ಬಂದು ಹಿಡಿಕೆ ಎಳೆಯುವ ತನಕ ನಾನು ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತೇನೆ. ತೊಳೆದು ಮುಗಿಸಿದ ಮೇಲೆ ಗಾಡಿಯ ಮೇಲೆ ನೀರು ಚಿಮುಕಿಸುತ್ತಾರೆ. ಗಾಡಿಯ ಕೊಳೆ ನಾನು ತೊಳೆಯಬೇಕು. ನನ್ನನ್ನು ಅವರು ತೊಳೆದುಕೊಳ್ಳಬೇಕು.

ರಾಜ್ಯದ ಹೆಸರು ಬದಲಾಗಿ ಕರ್ನಾಟಕ ಎಂದಾಗಿ ಒಂದು ವರ್ಷವಾಗುತ್ತಾ ಬಂದಿತ್ತು. ನಮ್ಮ ಕೇರಿಯ ಹೆಸರು ಮೊದಲಿನದೇ ಇತ್ತು.

ಗುರುಪಾದಪ್ಪ ಸಾಹುಕಾರರು ಫರಸಿ ಖಣಿಗಳ ಧಣಿ. ನಮ್ಮ ಗುಡಿಸಲುಗಳಿರುವ ನೆಲ ಅವರದು. ಮಜೀದಸಾಬರ ಗ್ಯಾರೇಜಿನ ನೆಲವೂ ಅವರದೇ. ಬೇವಿನ ಮರ ಯಾರದು ಎಂದು ನಾವು ಕೇಳಿಲ್ಲ. ಕೇಳಿದರೆ ಅದೂ ಅವರದೇ ಆಗುತ್ತದೆ.

ಅವರಿಗೊಂದು ಬಿಳಿ ಫಿಯಾಟ್ ಕಾರು. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಆ ಕಾರಿಗೆ ಒಂದು ಪದ್ಧತಿ. ನವರಾತ್ರಿಯಲ್ಲಿ ದೇವರ ಮುಂದೆ ಹಚ್ಚಿಟ್ಟ ದೀಪ ಆರಬಾರದು, ಇದು ಎಷ್ಟೋ ಮನೆಗಳಲ್ಲಿ ಇರುವುದೇ. ಸಾಹುಕಾರರು ಅದನ್ನು ಕಾರಿಗೂ ತಂದರು. ಚಾವಿ ತಿರುವಿದಾಗ ಸ್ಟೇರಿಂಗಿನ ಹಿಂದೆ ಒಂದು ಸಣ್ಣ ಕೆಂಪು ದೀಪ ಹತ್ತುತ್ತದೆ. ಖಂಡೆ ಪೂಜೆಯ ಬೆಳಿಗ್ಗೆ ಕಾರಿಗೆ ಅರಿಷಿಣ ಕುಂಕುಮ ಹಚ್ಚಿ ಆ ದೀಪ ಹೊತ್ತಿಸುತ್ತಾರೆ. ಸಂಜೆ ಖಣಿಯಲ್ಲಿ ಪೂಜೆ ಮುಗಿಯುವ ತನಕ ಅದು ಆರಬಾರದು. ಆರಿದರೆ ಖಣಿಗೆ ಕೇಡು. ಗಾಡಿ ಓಡುವಾಗ ಆ ದೀಪ ತಾನಾಗಿಯೇ ಆರುತ್ತದೆ. ಆಗ ಇಂಜಿನ್ನೇ ದೀಪ ಎನ್ನುತ್ತಾರೆ ಸಾಹುಕಾರರು. ದೊಡ್ಡವರ ದೇವರಲ್ಲಿ ಇಂಥ ಸವಲತ್ತುಗಳಿವೆ.

ಗಾಡಿ ನಿಂತಾಗ ದೀಪ ಹತ್ತಿದೆ ಎಂದರೆ ಚಾವಿ ಚಾಲೂ ಇದೆ. ಚಾವಿ ಚಾಲೂ ಇದ್ದರೆ ಇಂಜಿನ್ನಿನ ತಂತಿಗಳಲ್ಲಿ ಕರೆಂಟ್ ಇದೆ. ಎಲ್ಲೋ ಒಂದು ಕಿಡಿ ಕಾಯುತ್ತಾ ಕೂತಿದೆ.

ಹಿಂದಿನ ವರ್ಷ ಖಣಿಯ ಪೂಜೆಗೆ ಮೊದಲು ಆ ಇಂಜಿನ್ ತೊಳೆದವನು ಅಂಬಾರಾಯ. ನನ್ನ ಹೆಂಡತಿ ಸುಂದರಮ್ಮನ ತಮ್ಮ. ನನಗಿಂತ ಗಟ್ಟಿ ಆಳು. ಇಂಜಿನ್ ಕಾದಿತ್ತು. ದೀಪ ಹತ್ತಿತ್ತು. ಹೊತ್ತಾಗುತ್ತದೆ ಎಂದು ಪೆಟ್ರೋಲಿನಲ್ಲಿ ತೊಳೆಸಿದರು. ಅವನು ಬಟ್ಟೆ ಅದ್ದಿ ಒಳಗೆ ಕೈ ಹಾಕಿದ. ಬುಸ್ ಎಂದಿತು. ಅಷ್ಟೇ ಸದ್ದು. ಬೆಂಕಿ ಅವನ ಕೈಗಳನ್ನು ಹಿಡಿದುಕೊಂಡು ಹೊರಗೆ ಬಂತು.

"ಗಾಡಿ! ಗಾಡಿ!" ಎಂದು ಸಾಹುಕಾರರು ಕೂಗಿದರು.

ಮೊದಲು ಕಾರಿನ ಮೇಲೆ ಮಣ್ಣು ಎರಚಿದರು. ಆಮೇಲೆ ಅಂಬಾರಾಯನ ಮೇಲೆ.

ಕಾರು ರಿಪೇರಿಯಾಗಿ ಮತ್ತೆ ಓಡಿತು. ಅಂಬಾರಾಯನ ಎಡಗೈ ಬೆರಳುಗಳು ಡೊಂಕಾದವು. ಬಲಗೈ ಬೆರಳುಗಳು ಅಂಗೈಗೆ ಮಡಚಿಕೊಂಡು, ಚರ್ಮ ಕೂಡಿ, ಮುಷ್ಟಿಯಾಗಿಯೇ ಉಳಿಯಿತು. ಬಿಚ್ಚುವುದಿಲ್ಲ. ಅವನು ಬೀಡಿ ಸೇದಿದ, ಅದಕ್ಕೇ ಬೆಂಕಿ ಹತ್ತಿತು ಎಂದರು ಸಾಹುಕಾರರು. ಅಂಬಾರಾಯ ಬೀಡಿ ಮುಟ್ಟಿದವನಲ್ಲ. ಪಕ್ಕದವರು ಸೇದಿದರೆ ಕೆಮ್ಮುತ್ತಾನೆ. ಆದರೂ ಊರೆಲ್ಲ ಬೀಡಿ ಎಂದೇ ಹೇಳಿತು. ನನ್ನ ಸುಳ್ಳಿಗೆ ಜನ ನಗುತ್ತಾರೆ. ಸಾಹುಕಾರರ ಸುಳ್ಳಿಗೆ ತಲೆ ಆಡಿಸುತ್ತಾರೆ.

ಈಗ ಅವನು ದಿನಾ ಬಂದು ಬೇವಿನ ಮರದ ಕೆಳಗೆ ಕೂರುತ್ತಾನೆ. ಮಜೀದಸಾಬರು ಬೇಡ ಅನ್ನುವುದಿಲ್ಲ. ಮಧ್ಯಾಹ್ನ ಸುಂದರಮ್ಮ ಬಂದು ರೊಟ್ಟಿ ಮುರಿದು ಬಾಯಿಗಿಡುತ್ತಾಳೆ.

ಈ ವರ್ಷದ ಖಂಡೆ ಪೂಜೆಯ ದಿನವೂ ಹಾಗೇ ಉಣಿಸುತ್ತಿದ್ದಳು. ದೂರದಲ್ಲಿ ಕಾರಿನ ಸದ್ದು ಕೇಳಿತು. ಅಂಬಾರಾಯ ಅಗಿಯುವುದನ್ನು ನಿಲ್ಲಿಸಿದ.

"ಬಂತು," ಅಂದ.

ಅವನಿಗೆ ಆ ಇಂಜಿನ್ನಿನ ಸದ್ದು ಗೊತ್ತು. ನನಗೂ ಗೊತ್ತು. ಸುಂದರಮ್ಮನ ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ಇತ್ತು.

"ನೀ ಹೋಗಬ್ಯಾಡ," ಅಂದಳು ನನಗೆ.

"ಹೋಗಲಿಲ್ಲಂದ್ರ ಮನೀ ಕಿತ್ತು ಒಗಿತಾರ."

"ಒಗೀಲಿ. ಮನೀ ಅಂತ ಮನೀ. ನಿನ್ನ ಕೈನೂ ಹಿಂಗಾದ್ರ ಇಬ್ಬರಿಗೂ ನಾನ ಉಣಸಬೇಕು. ನನಗ ಇರಾವು ಎರಡ ಕೈ."

"ಏನ ಆಗಂಗಿಲ್ಲ ಸುಂದ್ರಿ. ನನ್ನ ಕೈ ಬೆಂಕಿಗೇ ಹೇಸಿಗಿ. ಒಮ್ಮೆ ಮೊಹರಮ್ಮಿನ ಅಲಾಯಿ ಕುಣ್ಯಾಗ ಕೈ ಇಟ್ಟರ ಬೆಂಕಿನೇ ಎದ್ದು ಓಡಿ..."

"ಸುಳ್ಳ ಹೇಳ್ಲಿಕತ್ತಿ," ಅಂದಳು. "ಅಂದ್ರ ಹೆದರೀದಿ."

ಹೆಂಡತಿಗೆ ಗೊತ್ತಿತ್ತು.

ಕಾರು ತಗಡಿನ ಕೆಳಗೆ ಬಂದು ನಿಂತಿತು. ಚಿತ್ತಾಪುರದಿಂದ ಒಂದೇ ಓಟಕ್ಕೆ ಬಂದಿತ್ತು. ಸ್ಟೇರಿಂಗಿಗೆ ಚೆಂಡು ಹೂವಿನ ಮಾಲೆ. ಡ್ರೈವರ್ ಶಿವರಾಯ ಇಂಜಿನ್ ನಿಲ್ಲಿಸಿ, ಚಾವಿಯನ್ನು ಮತ್ತೆ ಅರ್ಧ ತಿರುವಿ ಬಿಟ್ಟ. ಗಾಜಿನೊಳಗಿಂದ ಕೆಂಪು ದೀಪ ಕಾಣಿಸಿತು. ಜೋಳದ ಕಾಳಿನಷ್ಟು.

ಸಾಹುಕಾರರು ಇಳಿದರು. ರೇಷ್ಮೆ ಧೋತರ, ಕರಿ ಕೋಟು, ಹೊಸ ಚಪ್ಪಲಿ. ಮಜೀದಸಾಬರು ಕುರ್ಚಿ ತಂದು ಹಾಕಿದರು. ಶಿವರಾಯ ಹಿಂದಿನಿಂದ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದೆ ಇಟ್ಟ. ಮುಚ್ಚಳ ತೆಗೆಯದೆಯೇ ವಾಸನೆ ಬಂತು. ಪೆಟ್ರೋಲ್. ಆಮೇಲೆ ಒಳಗೆ ಬಗ್ಗಿ ಹಿಡಿಕೆ ಎಳೆದ. ನಾನು ಬಾನೆಟ್ ಎತ್ತಿದೆ.

ಝಳ ಮುಖಕ್ಕೆ ಹೊಡೆಯಿತು. ಹುಬ್ಬಿನ ಕೂದಲು ಮುರುಟಿದಂತಾಯಿತು.

"ಏ ದಶ್ಯಾ, ಏನ ನೋಡ್ಲಿಕತ್ತಿ? ಕೈ ಹಚ್ಚು. ಹೊತ್ತು ಮುಳುಗೂದ್ರೊಳಗ ಖಣಿಗೆ ಹೋಗಬೇಕು. ಮಂದಿ ಬಂದು ಕುಂತಾರ."

"ಇಂಜಿನ್ ಭಾಳ ಕಾದದರಿ, ಸಾವಕಾರ್ರ. ಜರಾ ಥಂಡ ಆಗಲಿ."

"ಅದಕ್ಕೇ ಪೆಟ್ರೋಲ್ ತಂದೀನಿ. ಪಟ್ಟನ ಆರತದ. ಚಿಮಣಿ ಎಣ್ಣಿ ನಾತ ಬ್ಯಾಡ. ಇಂಜಿನ್ನಿಗೆ ಕುಂಕುಮ ಹಚ್ಚಬೇಕು. ಕನ್ನಡಿಯಂಗ ಮಾರಿ ಕಾಣಬೇಕು ಅದರಾಗ."

"ಹ್ವಾದ ವರ್ಷ..."

"ಹ್ವಾದ ವರ್ಷ ಅವ ಬೀಡಿ ಸೇದಿದ. ನೀ ಸೇದಬ್ಯಾಡ. ಮುಗೀತು."

ಬೇವಿನ ಮರದ ಕೆಳಗಿನಿಂದ ಕೆಮ್ಮು ಕೇಳಿತು. ಅಲ್ಲಿ ಯಾರೂ ಬೀಡಿ ಸೇದುತ್ತಿರಲಿಲ್ಲ.

ಮಜೀದಸಾಬರು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಮುಂದೆ ಬಂದರು. ವಯಸ್ಸಾದ ಮನುಷ್ಯ. ದನಿ ತಗ್ಗಿಸಿ ಹೇಳಿದರು: "ಸಾವಕಾರ್ರ, ಚಾವಿ ಬಂದ್ ಮಾಡಸ್ರಿ. ಬ್ಯಾಟರಿ ತಂತಿ ಒಂದ್ ಬಿಚ್ಚಿ ಇಡ್ತೀನಿ. ಅಷ್ಟ ಸಾಕು."

"ದೀಪ ಆರಸಂತಿ ಏನೋ ಸಾಬಾ? ಪೂಜಾ ದಿನ?"

"ತೌಬಾ, ಹಂಗಲ್ರಿ..."

"ದೇವರ ದೀಪದಿಂದ ಬೆಂಕಿ ಹತ್ತಂಗಿಲ್ಲ. ಕೈ ಹಚ್ಚಿದಾಂವ ನೆಟ್ಟಗಿರಬೇಕು. ನಿನ್ನ ಪಾನಾ ನೀ ಇಟ್ಕೋ."

ಮಜೀದಸಾಬರು ತಗಡನ್ನು ನೋಡಿದರು. ತಗಡಿನ ಕೆಳಗಿನ ನೆಲ ನೋಡಿದರು. ಪಾನಾ ಜೇಬಿನಲ್ಲಿ ಇಟ್ಟುಕೊಂಡರು.

ನನ್ನ ಬಾಯಿ ಒಣಗಿತು. ಆಗ ಸುಳ್ಳು ಬಂತು. ದೊಡ್ಡದೇ ಬಂತು, ಅಜ್ಜನ ಹೆಸರಿನಲ್ಲಿ.

"ಸಾವಕಾರ್ರ, ನಮ್ಮ ಮುತ್ಯಾಂದು ಹೇಳೀನೇನ್ರಿ ನಿಮಗ?"

"ಯಾವ್ದು?"

"ಕಲ್ಲಾಗಿದ್ದು."

ಸಾಹುಕಾರರ ಮುಖ ಸಡಿಲವಾಯಿತು. ನನ್ನ ಸುಳ್ಳು ಅವರಿಗೆ ಇಷ್ಟ. ಊರಿಗೆ ಬಂದ ಬೀಗರ ಮುಂದೆ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಹೇಳಿಸಿದ್ದಾರೆ. ಅಂಗಳದ ಹೊರಗೆ, ಅಂದರೆ.

"ಹೇಳು, ಹೇಳು. ಹೇಳ್ತಾ ಕೆಲಸ ಮಾಡು."

ನಾನು ಬಟ್ಟೆ ಸುತ್ತಲು ಸುರು ಮಾಡಿದೆ. ನಿಧಾನವಾಗಿ. ಒಂದು ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಬೆರಳು ಇಂಜಿನ್ನಿಗೆ ತಾಕಿದಾಗೆಲ್ಲ ಚುರ್ ಎನ್ನುತ್ತಿತ್ತು. ಕತೆ ಉದ್ದವಾದರೆ ಇಂಜಿನ್ ತಣ್ಣಗಾಗುತ್ತದೆ. ಅಷ್ಟೇ ನನ್ನ ಲೆಕ್ಕ. ಚಾವಿಯ ಮಾತು ಆಮೇಲೆ ನೋಡೋಣ.

"ನಮ್ಮ ಮುತ್ಯಾ ವಾಡಿ ಟೇಷನ್ದಾಗ ಹಮಾಲ ಇದ್ದರಿ. ಸಿಮೆಂಟ್ ಚೀಲ ಹೊರೂದು. ಒಂದ್ ದಿನ ಚೀಲ ಒಡದು ಮೈತುಂಬ ಪುಡಿ ಆತ್ರಿ. ಮನೀಗೆ ಹೋಗಿ ಝಳಕ ಮಾಡಿದರಾತು ಅಂತ ನಡದಾ. ಚಿತ್ತಾಪುರ ದಾರ್ಯಾಗ ಸಣ್ಣ ಮಳಿ ಬಂತು. ಒಂದ್ ಬಾಜು ನಿಂತ. ಮಳಿ ನಿಂತ ಮ್ಯಾಲ ಹೊಂಡಬೇಕಂತಾನ, ಕಾಲು ಏಳಂಗಿಲ್ಲ."

ಶಿವರಾಯ ನಕ್ಕ. ಸಾಹುಕಾರರು ತೊಡೆ ತಟ್ಟಿಕೊಂಡರು.

"ಗಟ್ಟಿ ಆಗಿದ್ನೇನೋ?"

"ಮೊಣಕಾಲ ತನಕರಿ. ಆಮ್ಯಾಗ ನಡ. ಆಮ್ಯಾಗ ಎದಿ. ನಮ್ಮಮ್ಮ ಸುದ್ದಿ ಕೇಳಿ ಓಡಿ ಬರೂದ್ರೊಳಗ ಬಾಯಿ ಒಂದ ಮೆತ್ತಗ ಇತ್ತರಿ. 'ಒಂದ್ ಗುಟುಕ ಚಹಾ ಕುಡಸು' ಅಂದ. ಕುಡಿಸಿದಳು. ಆ ಚಹಾ ಇನ್ನಾ ಒಳಗ ಬೆಚ್ಚಗ ಅದರಿ. ಥಂಡಿ ದಿನದಾಗ ದಾರಿ ಮಂದಿ ಕೈ ಹಚ್ಚಿ ಕಾಸಿಕೋತಾರ."

ಕೈ ಇಂಜಿನ್ನಿನ ಹತ್ತಿರ ಒಯ್ದು ನೋಡಿದೆ. ಇನ್ನೂ ಸುಡುತ್ತಿತ್ತು. ಬಾಯಿ ನಿಲ್ಲಿಸಲಿಲ್ಲ.

"ಮುಂದ ಸರ್ಕಾರದವರು ಬಂದ್ರು. ನೋಡಿದ್ರು. ಕಲ್ಲು ಛಲೋ ಅದ ಅಂದ್ರು. ಬಿಳಿ ಬಣ್ಣ ಹಚ್ಚಿ ಎದಿಮ್ಯಾಗ 'ಚಿತ್ತಾಪುರ' ಅಂತ ಬರದು, ಇಷ್ಟು ಮೈಲಿ ಅಂತ ಹಾಕಿದ್ರು. ಈಗ ಬಸ್ಸು ಅಲ್ಲೇ ನಿಂದರತದ. ನಮ್ಮ ಮನೆತನದಾಗ ಸರ್ಕಾರಿ ನೌಕರಿ ಹತ್ತಿದ್ದು ಅವನೊಬ್ಬಗ."

ಸಾಹುಕಾರರು ನಗುತ್ತಾ ಕಣ್ಣೊರೆಸಿಕೊಂಡರು. ಮಜೀದಸಾಬರೂ ನಕ್ಕರು. ಅಲ್ಲಿಗೆ ಕತೆ ನಿಲ್ಲಬೇಕಿತ್ತು. ಬೇರೊಂದು ಹಿಡಿಯಬೇಕಿತ್ತು. ಆದರೆ ಹೆದರಿದವನ ಬಾಯಿಗೆ ಲಗಾಮಿಲ್ಲ.

"ಬದುಕಿದ್ದಾಗ ಆ ದಾರ್ಯಾಗ ನಮ್ಮ ಮುತ್ಯಾ ಚಪ್ಪಲ್ ಕೈಯಾಗ ಹಿಡಕೊಂಡ ನಡದಾಂವರಿ. ಎದುರಿಗೆ ಯಾರರ ಬಂದ್ರ ಹೊಲದಾಗ ಇಳೀತಿದ್ದ. ಈಗ ದೊಡ್ಡ ದೊಡ್ಡವರು ಕಾರ್ ನಿಂದರ್ಸಿ, ಇಳದು, ಬಗ್ಗಿ, ಅವನ ಎದಿ ನೋಡಿ ದಾರಿ ತಿಳಕೋತಾರ. ನೀವೂ ಒಮ್ಮೆ ಬಗ್ಗೀರಿ. ನಾ ನೋಡೀನಿ."

ಯಾರೂ ನಗಲಿಲ್ಲ.

ಸಾಹುಕಾರರ ಮುಖದ ಮೇಲಿನ ನಗು ಹೋಗಲು ಹೊತ್ತು ಹಿಡಿಯಲಿಲ್ಲ. ಕುರ್ಚಿಯಿಂದ ಎದ್ದರು.

"ಸಾಕು. ಡಬ್ಬಿ ತಗೋ."

ನಾನು ಮಜೀದಸಾಬರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಶಿವರಾಯನನ್ನು ನೋಡಿದೆ. ಅವನು ಕಾರಿನಿಂದ ಹಿಂದೆ ಸರಿದು ಬೇಲಿಯ ಹತ್ತಿರ ಹೋಗಿ ನಿಂತಿದ್ದ. ಅವನಿಗೂ ಗೊತ್ತಿತ್ತು. ಗೊತ್ತಿದ್ದವರೆಲ್ಲ ದೂರ ನಿಂತಿದ್ದರು.

ಡಬ್ಬಿಯ ಮುಚ್ಚಳ ತಿರುವಿದೆ. ಪೆಟ್ರೋಲ್ ತುಳುಕಿತು. ಮುಂಗೈ ಮೇಲೆ ಬಿತ್ತು. ತಣ್ಣಗಿತ್ತು. ಸುಡುವ ಝಳದಲ್ಲಿ ಅಷ್ಟು ತಣ್ಣಗಿನದು ಮೈಗೆ ತಾಕಿದರೆ ಹಾಯೆನಿಸಬೇಕು. ನನಗೆ ಉಸಿರು ನಿಂತಿತು. ಬಟ್ಟೆ ಅದ್ದಿದೆ. ಅದು ತೊಟ್ಟಿಕ್ಕುತ್ತಿತ್ತು. ಮೂಗಿನಲ್ಲಿ, ಗಂಟಲಲ್ಲಿ, ಕಣ್ಣಲ್ಲಿ ವಾಸನೆ. ಇಂಜಿನ್ನಿನ ಮೇಲೆ ಗಾಳಿ ಝಳಕ್ಕೆ ಅಲ್ಲಾಡುತ್ತಿತ್ತು. ಗಾಜಿನ ಆಚೆ ಕೆಂಪು ದೀಪ ನನ್ನನ್ನೇ ನೋಡುತ್ತಿತ್ತು.

"ಮಾವಾ."

ಅಂಬಾರಾಯನ ದನಿ. ತಿರುಗಿದೆ. ಅವನು ಎದ್ದು ನಿಂತಿದ್ದ. ಎರಡೂ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಿದ್ದ. ಬೇವಿನ ಮರ ಎಲ್ಲಿ, ಪೆಟ್ರೋಲ್ ಎಲ್ಲಿ. ಅಷ್ಟು ದೂರದಲ್ಲಿ ನಿಂತು, ಸುಟ್ಟುಹೋದ ಕೈಗಳನ್ನೇ ಮತ್ತೆ ಸುಡದಂತೆ ಬಚ್ಚಿಡುತ್ತಿದ್ದ.

ನಾನು ಬಟ್ಟೆಯನ್ನು ಮಣ್ಣಿನಲ್ಲಿ ಎಸೆದೆ. ಡಬ್ಬಿಯ ಮುಚ್ಚಳ ಬಿಗಿ ಮಾಡಿದೆ. ಕೂತು, ಎರಡೂ ಕೈಗಳಿಗೆ ಮಣ್ಣು ತಿಕ್ಕಿಕೊಂಡೆ. ಮೊಣಕೈ ತನಕ. ವಾಸನೆ ಕಡಿಮೆಯಾಗುವ ತನಕ ತಿಕ್ಕಿದೆ.

"ಏನ ಮಾಡ್ಲಿಕತ್ತಾನಿವ?" ಅಂದರು ಸಾಹುಕಾರರು.

ಎದ್ದು ಕಾರಿನ ಬಾಗಿಲಿಗೆ ಹೋದೆ. ತೆಗೆದೆ. ಕಾಲು ಒಳಗಿಟ್ಟು ಸೀಟಿನ ಮೇಲೆ ಕೂತೆ.

ಬಿಳಿ ಹೊದಿಕೆ. ಮೆತ್ತಗಿತ್ತು. ಇಷ್ಟು ವರ್ಷ ಇದರ ಮುಂದೆ ಬಿಸಿಲಲ್ಲಿ ಕೂತಿದ್ದೆ. ಮುಂದೆ ಚೆಂಡು ಹೂವಿನ ಮಾಲೆ. ಅದರ ಹಿಂದೆ ಜೋಳದ ಕಾಳಿನಷ್ಟು ಕೆಂಪು. ಮೊದಲ ಸಲಕ್ಕೆ ಚಾವಿ ಸಿಗಲಿಲ್ಲ. ಮತ್ತೆ ಹಿಡಿದೆ. ತಿರುವಿದೆ.

ದೀಪ ಆರಿತು.

ಖಣಿ ಬೀಳಲಿಲ್ಲ. ಆಕಾಶ ಬೀಳಲಿಲ್ಲ. ಬೇವಿನ ಮರದಲ್ಲಿ ಒಂದು ಕಾಗೆ ಇತ್ತು, ಅದೂ ಹಾರಲಿಲ್ಲ.

ಚಾವಿ ಕಿತ್ತುಕೊಂಡು ಇಳಿದೆ. ಬಿಳಿ ಹೊದಿಕೆಯ ಮೇಲೆ ನಾನು ಕೂತ ಗುರುತು ಕಪ್ಪಗೆ ಉಳಿದಿತ್ತು.

ಆಮೇಲೆ ಸಾಹುಕಾರರ ಬಾಯಿಂದ ಬಂದದ್ದು ಬರೆಯುವಂಥದ್ದಲ್ಲ. ನನ್ನ ತಾಯಿ, ಅವಳ ತಾಯಿ, ಕೇರಿ, ಎಲ್ಲ ಬಂತು. ಚಪ್ಪಲಿ ತೆಗೆದು ಎಸೆದರು. ನನ್ನ ಕಿವಿಗೆ ಬಿತ್ತು. ಅವರು ನಮ್ಮನ್ನು ಹೊಡೆಯುವುದು ಹಾಗೇ. ಎಸೆಯುತ್ತಾರೆ. ಮುಟ್ಟುವ ತ್ರಾಸವಿಲ್ಲ.

ಕಿವಿ ಗುಂಯ್ ಎನ್ನುತ್ತಿತ್ತು.

"ನಾ ತೊಳೆಂಗಿಲ್ಲ," ಅಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಸಣ್ಣಗಿತ್ತು. ನಡುಗುತ್ತಿತ್ತು. ಇನ್ನೊಮ್ಮೆ ಹೇಳಿದೆ.

"ಪೆಟ್ರೋಲ್ದಾಗ ತೊಳೆಂಗಿಲ್ಲ. ಕಾದಾಗ ತೊಳೆಂಗಿಲ್ಲ. ದೀಪ ಹಚ್ಚಿದ್ರ ತೊಳೆಂಗಿಲ್ಲ. ನಾ ಅಷ್ಟ ಅಲ್ಲ, ಯಾರಿಗೂ ತೊಳೀಗೊಡಂಗಿಲ್ಲ."

"ಚಾವಿ ಒಗಿ ಇಲ್ಲಿ!"

ಸಾಹುಕಾರರು ಅಂಗೈ ಮುಂದೆ ಮಾಡಿದರು. ಒಗೆದಿದ್ದರೆ ಮುಗಿಯುತ್ತಿತ್ತು. ಶಿವರಾಯ ಮತ್ತೆ ದೀಪ ಹೊತ್ತಿಸುತ್ತಿದ್ದ. ನನ್ನನ್ನು ಒದ್ದು ಇನ್ನೊಬ್ಬನನ್ನು ಕೇರಿಯಿಂದ ಎಳೆದು ತರುತ್ತಿದ್ದರು. ಹೆದರಿದ ಮಕ್ಕಳು ಎಷ್ಟು ಬೇಕಾದರೂ ಇದ್ದೇವೆ ಅಲ್ಲಿ.

ಬೇವಿನ ಮರಕ್ಕೆ ಹೋದೆ. ಅಂಬಾರಾಯ ನನ್ನ ಮುಖ ನೋಡಿದ. ಬೆನ್ನ ಹಿಂದಿನ ಬಲಗೈ ಮುಂದೆ ತಂದ. ಕೂಡಿಕೊಂಡ ಬೆರಳುಗಳ ಸಂದಿಯಲ್ಲಿ ಚಾವಿ ಒತ್ತಿದೆ. ಒಳಗೆ ಹೋಯಿತು. ಬಿಗಿಯಾಗಿ ಕೂತಿತು. ತುದಿಯಷ್ಟೇ ಹೊರಗೆ ಕಾಣುತ್ತಿತ್ತು.

"ಚಾವಿ ಇಲ್ಲೇ ಅದರಿ ಸಾವಕಾರ್ರ," ಅಂದೆ. "ಈ ಕೈ ತಾನಾಗಿ ಬಿಚ್ಚಂಗಿಲ್ಲ. ಹಿಡದು, ಬೆರಳ ಎತ್ತಿ ತಗೋಬೇಕು. ತಗೋರಿ."

ಅಂಬಾರಾಯ ಕೈ ಚಾಚಿದ.

ಒಂದು ವರ್ಷದಲ್ಲಿ ಸಾಹುಕಾರರು ಆ ಕೈ ನೋಡಿರಲಿಲ್ಲ. ಈಗ ನೋಡಿದರು. ಕೆಂಪಗೆ, ಮಿರಿಮಿರಿ ಮಿಂಚುವ ಚರ್ಮ. ಉಗುರಿಲ್ಲದ ತುದಿಗಳು. ಎರಡು ಹೆಜ್ಜೆ ಬಂದರು. ನಿಂತರು.

"ಶಿವರಾಯಾ, ತಗಿಯೋ."

ಶಿವರಾಯ ಬಂದ. ಕೈಯ ಹತ್ತಿರ ಬಗ್ಗಿದ. ಅಂಬಾರಾಯನ ಮುಖ ನೋಡಿದ. ಹೋದ ವರ್ಷ ಇವನೇ ದೀಪ ಹೊತ್ತಿಸಿದ್ದ, ಇವನೇ ಡಬ್ಬಿ ತಂದಿಟ್ಟಿದ್ದ. ಬಗ್ಗಿದವನು ಹಾಗೇ ಸೆಟೆದು ನಿಂತ.

"ನನಗ ಆಗಂಗಿಲ್ರಿ," ಅಂದ.

"ಏನ ಆಗಂಗಿಲ್ಲ?"

"ಆಗಂಗಿಲ್ರಿ." ಅಷ್ಟೇ ಹೇಳಿ ಬೇಲಿಯ ಕಡೆ ಹೋಗಿ ಬೆನ್ನು ತಿರುಗಿಸಿ ನಿಂತ.

ಸುಂದರಮ್ಮ ಎದ್ದಳು. ಅವಳ ಕೈಯಲ್ಲಿ ರೊಟ್ಟಿಯ ತುಂಡು ಇನ್ನೂ ಇತ್ತು.

"ದಿನಾ ಮೂರ ಹೊತ್ತು ನಾ ಮುಟ್ಟತೀನಿ ಆ ಕೈ," ಅಂದಳು. "ತೊಳೀತೀನಿ. ಒರಸ್ತೀನಿ. ಏನ ಆಗಂಗಿಲ್ಲ ಸಾವಕಾರ್ರ. ಒಮ್ಮೆ ಮುಟ್ರಿ."

ಸಾಹುಕಾರರು ಮುಟ್ಟಲಿಲ್ಲ. ದಾರಿಗೆ ಇಳಿದರು. ಖಣಿಯ ಲಾರಿಯೊಂದು ಬಂತು, ಕೈ ಮಾಡಿ ನಿಲ್ಲಿಸಿದರು. ರೇಷ್ಮೆ ಧೋತರ ಎತ್ತಿ ಹಿಡಿದು ಹತ್ತಿದರು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದು ನನ್ನ ಹತ್ತಿರ ಬಿದ್ದಿತ್ತು.

"ಪೊಲೀಸರನ್ನ ತಗೊಂಡೇ ಬರ್ತೀನಿ," ಎಂದು ಮೇಲಿನಿಂದ ಕೂಗಿದರು. "ಚಾವಿ ಕದ್ದಾರ ಅಂತೀನಿ. ಗಾಡಿ ಸುಡ್ಲಿಕ್ಕ ಬಂದಿದ್ರು ಅಂತೀನಿ. ಸಾಬಾ, ನಿನ್ನ ತಗಡ ನಾಳಿ ಇರಂಗಿಲ್ಲ."

ಲಾರಿ ಹೋಯಿತು. ದೂಳು ಎದ್ದು ಕೂತಿತು.

ನಾನು ನೆಲದ ಮೇಲೆ ಕೂತೆ. ಪೊಲೀಸರು ಬರುತ್ತಾರೆ. ಇಲ್ಲವೇ ಖಣಿಯ ಗಂಡಾಳುಗಳನ್ನು ಕಳಿಸುತ್ತಾರೆ. ಗುಡಿಸಲು ಕೀಳುತ್ತಾರೆ. ಬೆನ್ನಿನ ಮೇಲೆ ಬೀಳುವ ಲಾಠಿ ಈಗಲೇ ಬಿದ್ದಂತೆ ಬೆನ್ನು ಸೆಡೆಯುತ್ತಿತ್ತು.

ಮಜೀದಸಾಬರು ಚಹಾ ಮಾಡುತ್ತೇನೆಂದು ಸ್ಟೋವಿನ ಹತ್ತಿರ ಹೋದರು. ಕಡ್ಡಿ ಗೀರಲು ಹೋಗಿ, ಪೆಟ್ರೋಲ್ ಡಬ್ಬಿ ನೋಡಿ, ಕಡ್ಡಿ ಪೆಟ್ಟಿಗೆ ಒಳಗಿಟ್ಟರು. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ದೂರದ ಹೊಲದ ಬದುವಿನಲ್ಲಿ ಇಟ್ಟು ಬಂದರು. ಆಮೇಲೆ ಪಾನಾ ತೆಗೆದು ಬ್ಯಾಟರಿಯ ತಂತಿ ಬಿಚ್ಚಿದರು.

"ಕಾಕಾ, ನಿಮ್ಮ ತಗಡು," ಅಂದೆ.

"ಸುಮ್ನ ಕುಂದ್ರೋ ಭಾಯಿ," ಅಂದರು. "ಈ ತಂತಿ ಹ್ವಾದ ವರ್ಷ ಬಿಚ್ಚಬೇಕಿತ್ತು."

ಇಂಜಿನ್ ಟಿಕ್, ಟಿಕ್ ಎನ್ನುತ್ತಿತ್ತು. ಕಾದ ಲೋಹ ತಣ್ಣಗಾಗುವಾಗ ಹಾಗೆ ಸದ್ದು ಮಾಡುತ್ತದೆ. ನಾವು ನಾಲ್ವರೂ ಅದನ್ನೇ ಕೇಳುತ್ತಾ ಕೂತೆವು. ಶಿವರಾಯ ಬೇಲಿಯ ಹತ್ತಿರವೇ ಇದ್ದ. ಹೋಗಲೂ ಇಲ್ಲ, ಬರಲೂ ಇಲ್ಲ. ಬಿಸಿಲು ಇಳಿಯಿತು. ಸದ್ದು ನಿಂತಿತು. ನಾನು ಎದ್ದು ಹೋಗಿ ಇಂಜಿನ್ ಮೇಲೆ ಅಂಗೈ ಇಟ್ಟೆ. ಇಟ್ಟ ಕೈ ಇಟ್ಟಲ್ಲೇ ಇತ್ತು.

"ಥಂಡ ಆಗದ," ಅಂದೆ.

"ಈಗ ತೊಳೀಬಹುದು," ಅಂದರು ಮಜೀದಸಾಬರು.

"ತೊಳೀಬಹುದು."

ಯಾರೂ ಏಳಲಿಲ್ಲ.

ವಾಡಿಯ ಕಡೆಯಿಂದ ಜೀಪಿನ ಸದ್ದು ಬಂತು. ಸುಂದರಮ್ಮ ನನ್ನ ಪಕ್ಕಕ್ಕೆ ಬಂದು ಕೂತಳು.

"ಏನ ಹೇಳ್ತಿ ಅವರಿಗೆ?"

ಬಾಯಿ ತೆರೆದೆ. ಕೋಳಿಯನ್ನು ಕರೆದೆ. ಮುತ್ಯಾನನ್ನು ಕರೆದೆ. ಯಾರೂ ಬರಲಿಲ್ಲ. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಒಂದೇ ಒಂದು ಸುಳ್ಳು ಬರಲಿಲ್ಲ.

"ಇದ್ದದ್ದ ಹೇಳ್ತೀನಿ," ಅಂದೆ.

ಅವಳು ನನ್ನನ್ನು ನೋಡಿದಳು. ನನ್ನ ಎರಡೂ ಕೈ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಜಿಡ್ಡು, ಮಣ್ಣು, ಪೆಟ್ರೋಲ್ ವಾಸನೆ. ಹತ್ತೂ ಬೆರಳಿದ್ದವು.

ಜೀಪ್ ಬೇವಿನ ಮರದ ಮುಂದೆ ನಿಂತಿತು. ಖಾಕಿಯವರು ಇಳಿದರು. ಸಾಹುಕಾರರು ಒಂದೇ ಚಪ್ಪಲಿಯಲ್ಲಿ ಹಿಂದೆ ನಿಂತು ನನ್ನ ಕಡೆ ಬೆರಳು ಮಾಡಿದರು. ನಾನು ಏಳಲು ನೋಡಿದೆ, ಕಾಲು ಏಳಲಿಲ್ಲ.

ಅಂಬಾರಾಯ ಎದ್ದ. ನನ್ನನ್ನು ದಾಟಿ ಮುಂದೆ ಹೋದ. ಲಾಠಿಯ ಅಳತೆಯೊಳಗೆ ಹೋಗಿ ನಿಂತು, ಮುಷ್ಟಿಯನ್ನು ಅವರ ಮುಖದ ಮುಂದೆ ಹಿಡಿದ.

"ಚಾವಿ ಇಲ್ಲೇ ಅದರಿ," ಅಂದ. "ತಗೋರಿ. ಮೊದಲ ಕೈ ನೋಡ್ರಿ."